ವೈದ್ಯರ ಪರೀಕ್ಷೆ ನಮ್ಮ ವಿಚಾರ
(ಬನಶಂಕರಿಯ ಕಾರ್ಮಿಕರ ಸಭೆಯೊಂದರಲ್ಲಿ ಮಾಡಿದ ಭಾಷಣ)



ಮಗುವಿಗೆ ಜ್ವರ ಬಂದರೆ ನಾವು ಓಡುವುದು ಬೀದಿ ಮೂಲೆಯ ಡಾಕ್ಟರ್ ಷಾಪಿಗೆ. ಹಣವಂತನು ನಾಲ್ಕು ವೈದ್ಯರನ್ನು ಕೇಳಬಲ್ಲನು, ನಮಗಿರುವುದು ಒಬ್ಬರೇ. ಗೋಡೆಯ ಮೇಲಿನ ಸರ್ಟಿಫಿಕೇಟನ್ನು ನಂಬಿಯೇ ತೋಳು ಚಾಚುತ್ತೇವೆ. ಆದುದರಿಂದ ಅದರ ಹಿಂದಿನ ಪರೀಕ್ಷೆ ನಮ್ಮ ವಿಚಾರ.

ನಮ್ಮ ರಾಜ್ಯದ ಬಹುಪಾಲು ವೈದ್ಯ ವಿದ್ಯಾರ್ಥಿಗಳಿಗೆ ಪರೀಕ್ಷೆ ನಡೆಸುವುದು 1996ರಲ್ಲಿ ಸ್ಥಾಪಿತವಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ. ಅದರ ಕಚೇರಿ ಇಲ್ಲೇ ಜಯನಗರದಲ್ಲಿದೆ. ಲಿಖಿತ ಪರೀಕ್ಷೆಯಲ್ಲಿ ಎಲ್ಲರಿಗೂ ಒಂದೇ ಪ್ರಶ್ನೆ. ಪ್ರಾಯೋಗಿಕ ಪರೀಕ್ಷೆಯಲ್ಲಿ ಒಬ್ಬನಿಗೆ ಸುಲಭದ ರೋಗಿ, ಇನ್ನೊಬ್ಬನಿಗೆ ಕಷ್ಟದ ರೋಗಿ; ಒಬ್ಬ ಪರೀಕ್ಷಕರು ಉದಾರಿ, ಇನ್ನೊಬ್ಬರು ಬಿಗಿ. ಒಂದೇ ಮೂಟೆ ಅಕ್ಕಿ ಅಂಗಡಿಗೊಂದು ತೂಕ ತೂಗಿದರೆ ನೀವು ಒಪ್ಪುವಿರಾ? ಪರೀಕ್ಷೆಯೂ ತಕ್ಕಡಿಯೇ. ಅದು ಸಡಿಲವಾದರೆ ಅಸಮರ್ಥನು ನಮ್ಮ ಬೀದಿಗೆ ಬರುತ್ತಾನೆ. ವಶೀಲಿಗೆ ಬಾಗಿದರೆ ಬಡವನ ಜಾಣ ಮಗಳು ಸೋತು ಮನೆಗೆ ಹಿಂದಿರುಗುತ್ತಾಳೆ.

ದೇಶಕ್ಕೆಲ್ಲ ಒಂದೇ ಲೈಸೆನ್ಸ್ ಪರೀಕ್ಷೆ ಮೂರು ವರ್ಷದೊಳಗೆ ಬರಬೇಕೆಂದು 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾನೂನು ಹೇಳಿತು. ಆ ಅವಧಿಯಲ್ಲಿ ಬರಲಿಲ್ಲ. ಬಂದರಷ್ಟೇ ಸಾಲದು. 2024ರಲ್ಲಿ ವೈದ್ಯಕೀಯ ಪ್ರವೇಶದ ನೀಟ್ ಪ್ರಶ್ನೆಪತ್ರಿಕೆ ಹಜಾರಿಬಾಗ್, ಪಟ್ನಾಗಳಲ್ಲಿ ಸೋರಿದ್ದನ್ನು ಸುಪ್ರೀಂ ಕೋರ್ಟೇ ಒಪ್ಪಿತು. ಪರೀಕ್ಷೆ ಒಂದೇ ಆದಾಗ ಒಂದೂರಿನ ಕಳ್ಳತನದ ನಷ್ಟ ದೇಶಕ್ಕೆಲ್ಲ.

ನಾವು ಕೇಳಬೇಕಾದುದು ಮೂರು: ಪ್ರಾಯೋಗಿಕ ಪರೀಕ್ಷೆಯ ಪ್ರತಿಯೊಂದು ಕೆಲಸಕ್ಕೂ ಮೊದಲೇ ಗೊತ್ತುಮಾಡಿದ ಅಂಕ, ಸೋತವರಿಗೆ ಬರಹದಲ್ಲಿ ಕಾರಣ, ಪ್ರಶ್ನೆಪತ್ರಿಕೆ ಮಾರಿದವನಿಗೆ ತಪ್ಪದ ಶಿಕ್ಷೆ. ಡಾಕ್ಟರ್ ಷಾಪಿನ ಬೆಂಚಿನ ಮೇಲೆ ಕಾಯುವ ಪ್ರತಿಯೊಬ್ಬರೂ ಇದನ್ನು ಕೇಳಲಿ.