ಹೊಗಳಿಕೆಯ ಅಳತೆ

ಎಳೆಯ ಪ್ರತಿಭೆಯನ್ನು ಎಷ್ಟರಮಟ್ಟಿಗೆ ಹೊಗಳಬಹುದು? ಸಾಹಿತ್ಯ ವಿಮರ್ಶೆಗೆ ಹಳೆಯದಾದ ಈ ಪ್ರಶ್ನೆ ಆಟದ ಅಂಗಳದಲ್ಲಿಯೂ ಅಷ್ಟೇ ತೊಡಕಿನದು.

ಪಂಜಾಬಿನ ಬಲ್ಲೋಕೆ ಎಂಬ ಹಳ್ಳಿಯ ರೈತನ ಮಗ ಸತ್ನಾಮ್ ಸಿಂಗ್. ಎತ್ತರ ಏಳಡಿ ಎರಡಂಗುಲ. ಲೂಧಿಯಾನದಲ್ಲಿ ಬ್ಯಾಸ್ಕೆಟ್‌ಬಾಲ್ ಕಲಿತು, 2010ರಲ್ಲಿ, ಇನ್ನೂ ಹದಿನಾಲ್ಕರ ಹುಡುಗನಾಗಿದ್ದಾಗಲೇ, ಅಮೆರಿಕದ ಫ್ಲಾರಿಡಾದ ತರಬೇತಿ ಶಾಲೆಯನ್ನು ಸೇರಿದವನು. 2015ರಲ್ಲಿ ಎನ್‌ಬಿಎ ತಂಡಗಳು ಆರಿಸಿಕೊಂಡ 60 ಹೊಸ ಆಟಗಾರರಲ್ಲಿ 52ನೆಯವನಾಗಿ ಡಲ್ಲಾಸ್ ತಂಡದ ಪಾಲಿಗೆ ಬಂದ. ಭಾರತದಲ್ಲಿ ಹುಟ್ಟಿ ಆ ಮನ್ನಣೆ ಪಡೆದವರಲ್ಲಿ ಆತನೇ ಮೊದಲಿಗ. ಮರುವರ್ಷ ಬಂದ ಸಾಕ್ಷ್ಯಚಿತ್ರದ ಹೆಸರು ‘ಒನ್ ಇನ್ ಎ ಬಿಲಿಯನ್’, ಎಂದರೆ ನೂರು ಕೋಟಿಗೊಬ್ಬ! ಆದರೆ ಎನ್‌ಬಿಎಯ ಒಂದು ಪಂದ್ಯದಲ್ಲಿಯಾದರೂ ಆಡುವ ಅವಕಾಶ ಆತನಿಗೆ ಒದಗಲಿಲ್ಲ. ಕಿರಿಯ ಲೀಗಿನಲ್ಲಿ ಆಡಿ ಮರಳಿದವನು 2021ರಲ್ಲಿ ವೃತ್ತಿಪರ ಕುಸ್ತಿಯ ಕಡೆಗೆ ಹೊರಳಿದ.

ನಮ್ಮ ‘ಕವಿರಾಜಮಾರ್ಗ’ಕ್ಕೆ ಆಧಾರವಾದ ‘ಕಾವ್ಯಾದರ್ಶ’ದಲ್ಲಿ ದಂಡಿಯು ಕಾವ್ಯಕ್ಕೆ ಮೂರು ಕಾರಣಗಳನ್ನು ಹೇಳುತ್ತಾನೆ: ಹುಟ್ಟಿನಿಂದ ಬಂದ ಪ್ರತಿಭೆ, ವಿಪುಲವಾದ ವಿದ್ಯೆ, ಬಿಡದ ಅಭ್ಯಾಸ. ಎತ್ತರವೆಂಬುದು ಮೊದಲನೆಯದರ ಒಂದು ಅಂಶ ಮಾತ್ರ. ಕಣ್ಣಿಗೆ ಬೇಗ ಬೀಳುವುದೂ ಅದೇ. ಉಳಿದೆರಡನ್ನು ಕಾಣಲು ವರ್ಷಗಳು ಬೇಕು. ನಮಗೆ ಅಷ್ಟು ತಾಳ್ಮೆ ಇರುವುದಿಲ್ಲ.

ರಾಂಪುರದ ಸುತ್ತಿನ ಮಳೆಯಾಶ್ರಯದ ಹೊಲಗಳಲ್ಲಿ ಶೇಂಗಾ ಬೆಳೆಯುವ ರೈತನಿಗೆ ಈ ತಾಳ್ಮೆ ಉಂಟು. ಹಸುರು ಮೇಲೆ ಕಾಣುತ್ತದೆ, ಕಾಯಿ ಕಟ್ಟುವುದು ಮಣ್ಣಿನೊಳಗೆ. ಹೂವಿನ ಬುಡದಿಂದ ಇಳಿದ ಸೂಜಿ ನೆಲವನ್ನು ಹೊಗಬೇಕು. ಆ ಹೊತ್ತಿಗೆ ನೆಲದಲ್ಲಿ ತೇವವಿರಬೇಕು. ಗಿಡ ಸೊಂಪಾಗಿದೆಯೆಂದು ಆತ ಚೀಲಗಳನ್ನು ಎಣಿಸುವುದಿಲ್ಲ.

ಹಾಗಾದರೆ ಎಳೆಯರನ್ನು ಹೊಗಳಲೇಬಾರದೆ? ಹೊಗಳಬೇಕು, ಆದರೆ ಮಾಡಿದ್ದನ್ನು. ಕರ್ನಾಟಕದ ಕರುಣ್ ನಾಯರ್ 2016ರ ಡಿಸೆಂಬರಿನಲ್ಲಿ, ತನ್ನ ಮೂರನೆಯ ಟೆಸ್ಟಿನಲ್ಲಿಯೇ, ಚೆನ್ನೈಯಲ್ಲಿ ಇಂಗ್ಲೆಂಡಿನ ಎದುರು ಔಟಾಗದೆ 303 ರನ್ನು ಗಳಿಸಿದ. 2017ರ ಅನಂತರ 2025ರವರೆಗೆ ಆತನಿಗೆ ಟೆಸ್ಟ್ ಆಡುವ ಅವಕಾಶ ಸಿಗಲಿಲ್ಲ. ಆದರೂ ಆ ದಿನ ಆಡಿದ ಹೊಗಳಿಕೆಯ ಮಾತು ಸುಳ್ಳಾಗಲಿಲ್ಲ. ಆ 303 ಇಂದಿಗೂ 303. ‘ಇವನು ಮುಂದೆ ಇಂಥವನಾಗುತ್ತಾನೆ’ ಎಂದವರ ಮಾತಷ್ಟೇ ತಪ್ಪಿತು.

ಸತ್ನಾಮನ ವಿಷಯದಲ್ಲಿಯೂ ಹೀಗೆಯೇ. ಬಲ್ಲೋಕೆಯಿಂದ ಡಲ್ಲಾಸಿನವರೆಗೆ ನಡೆದ ದಾರಿ ದೊಡ್ಡ ಹೊಗಳಿಕೆಗೆ ಅರ್ಹವಾದುದು. ಇನ್ನೂ ನಡೆಯದ ದಾರಿಗೆ ನಾವು ಸಲ್ಲಿಸಿದ ಪ್ರಶಂಸೆ ಹತ್ತೊಂಬತ್ತರ ಹುಡುಗನ ತಲೆಯ ಮೇಲೆ ಹೊರಿಸಿದ ಸಾಲ. ಅದನ್ನು ತೀರಿಸಲಾರದೆ ಹೋದಾಗ, ಸಾಲ ಕೇಳದವನನ್ನೇ ಜಗತ್ತು ಸೋತವನೆಂದು ಕರೆಯಿತು.

ನಮ್ಮೂರ ಶಾಲೆಯ ಬಯಲಿನಲ್ಲಿ ಎತ್ತರದ ಹುಡುಗನೊಬ್ಬ ಚೆಂಡು ಹಿಡಿದು ನಿಂತರೆ ‘ನೀನು ದೇಶಕ್ಕೆ ಆಡುವವನು’ ಎನ್ನಬೇಡಿ. ‘ಇವತ್ತು ಚೆಂಡನ್ನು ಗೆಳೆಯನಿಗೆ ಸರಿಯಾದ ಹೊತ್ತಿಗೆ ಕೊಟ್ಟೆ’ ಎನ್ನಿ. ನಾಳೆಯೂ ಅವನು ಬಯಲಿಗೆ ಬರಲು ಅಷ್ಟು ಸಾಕು.