ಕೇಳೋರೇ ಇಲ್ಲದ ಊರಲ್ಲಿ ಒಂದು ರೇಡಿಯೋ ಸ್ಟೇಷನ್

ಮೊದಲೇ ಒಂದು ವಿಷಯ ಹೇಳಿಬಿಡ್ತೀನಿ. ಕಳೆದ ತಿಂಗಳು ಈ ಪಾಡ್‌ಕಾಸ್ಟ್ ನಿಲ್ಲಿಸಬೇಕು ಅಂತ ನಾನು ಹೆಚ್ಚೂಕಮ್ಮಿ ತೀರ್ಮಾನ ಮಾಡಿದ್ದೆ. ಬಿ.ಕಾಂ ಓದಿದವನು ನೋಡಿ, ಲೆಕ್ಕ ಹಾಕೋ ಚಟ ಬಿಡಲ್ಲ. ಮೈಕು, ಎಡಿಟಿಂಗ್ ಸಾಫ್ಟ್‌ವೇರ್, ಇಂಟರ್ನೆಟ್ ಎಲ್ಲದರ ಖರ್ಚು ಒಂದು ಕಡೆ ಬರೆದೆ, ಕೇಳುಗರ ಸಂಖ್ಯೆ ಇನ್ನೊಂದು ಕಡೆ ಬರೆದೆ. ಕೊನೆಯ ಸಂಚಿಕೆಯನ್ನ ಪೂರ್ತಿ ಕೇಳಿದವರು 41 ಜನ. ಅದರಲ್ಲಿ ಮೂರು ಸಲ ನಾನೇ.

ಅದೇ ವಾರ ಹಾಸನದಲ್ಲಿ ಚಿಕ್ಕಪ್ಪನ ಮನೆಗೆ ಸುಣ್ಣಬಣ್ಣ ಮಾಡಿಸ್ತಿದ್ರು. ಅಟ್ಟದ ಸಾಮಾನು ಇಳಿಸೋಕೆ ಹೋಗಿದ್ದೆ. ಗುಜರಿಗೆ ಹಾಕೋ ರಾಶಿಯಲ್ಲಿ ಬಾಟಾ ಶೂ ಡಬ್ಬಿಯೊಂದಿತ್ತು, ಅದರ ತುಂಬ ಪೋಸ್ಟ್‌ಕಾರ್ಡು. ಒಂದರ ಮೇಲೆ ಹಿಮದ ಬೆಟ್ಟ, ಕೆಳಗೆ 'ಎಚ್‌ಸಿಜೆಬಿ, ಕೀಟೋ, ಈಕ್ವೆಡಾರ್'. ಹಿಂದೆ ನೋಡಿದ್ರೆ ನಮ್ಮ ಚಿಕ್ಕಪ್ಪನ ಹೆಸರು, ತಾರೀಖು, ಸಮಯ, ಫ್ರೀಕ್ವೆನ್ಸಿ. ಸಹಕಾರಿ ಬ್ಯಾಂಕಿನ ಗುಮಾಸ್ತನಿಗೆ ದಕ್ಷಿಣ ಅಮೆರಿಕದಿಂದ ಕಾಗದ!

"ಅದನ್ನ ಅಲ್ಲಿಡೋ, ಗುಜರಿಯವನಿಗೆ ಕೊಟ್ಟೀಯ" ಅಂತ ಚಿಕ್ಕಪ್ಪ ಒಳಗಿಂದಲೇ ಕೂಗಿದ್ರು.

ಆ ಸ್ಟೇಷನ್ ಕಥೆಯೇ ಇವತ್ತಿನ ಸಂಚಿಕೆ.

ಕ್ಲಾರೆನ್ಸ್ ಜೋನ್ಸ್ ಅಂತ ಒಬ್ಬ ಅಮೆರಿಕನ್. ಟ್ರಾಂಬೋನ್ ನುಡಿಸೋನು, ಷಿಕಾಗೋದಲ್ಲಿ ಕ್ರೈಸ್ತ ರೇಡಿಯೋ ಕಾರ್ಯಕ್ರಮ ಮಾಡ್ತಿದ್ದೋನು. ದಕ್ಷಿಣ ಅಮೆರಿಕದಲ್ಲೊಂದು ಮಿಷನರಿ ರೇಡಿಯೋ ಕಟ್ಟಬೇಕು ಅನ್ನೋದು ಅವನ ತಲೆಯಲ್ಲಿ ಕೂತಿತ್ತು. ಈಕ್ವೆಡಾರ್ ಸರ್ಕಾರ 1930ರಲ್ಲಿ 25 ವರ್ಷದ ಪರವಾನಗಿ ಕೊಡ್ತು. ತಿಳಿದವರು ಬೇಡ ಅಂದಿದ್ರಂತೆ: ಸುತ್ತ ಆಂಡೀಸ್ ಬೆಟ್ಟ, ಪಕ್ಕದಲ್ಲೇ ಸಮಭಾಜಕ ವೃತ್ತ, ಅಲ್ಲಿಂದ ರೇಡಿಯೋ ಎಲ್ಲಿಗೆ ಮುಟ್ಟುತ್ತೆ ಅಂತ. ಆದ್ರೂ 1931ರ ಡಿಸೆಂಬರ್ 25ರಂದು, ಕ್ರಿಸ್ಮಸ್ ದಿನ, 200 ವ್ಯಾಟ್‌ನ ಟ್ರಾನ್ಸ್‌ಮಿಟರ್‌ನಿಂದ ಪ್ರಸಾರ ಶುರುವಾಯ್ತು. 200 ವ್ಯಾಟ್ ಅಂದ್ರೆ ಎರಡು ಹಳೇ ನೂರರ ಬಲ್ಬು. ಸ್ಟುಡಿಯೋ ಅಂದ್ರೆ ಮನೆಯ ನಡುಮನೆ. ಟ್ರಾನ್ಸ್‌ಮಿಟರ್ ಇದ್ದದ್ದು ಕುರಿ ಕಟ್ಟೋ ಕೊಟ್ಟಿಗೆಯಲ್ಲಿ.

ಕೇಳೋಕೆ ಊರಲ್ಲಿ ಇದ್ದದ್ದು ಬೆರಳೆಣಿಕೆಯಷ್ಟು ರೇಡಿಯೋ ಸೆಟ್. ನನ್ನ 41 ಜನ ಆ ಲೆಕ್ಕದಲ್ಲಿ ದೊಡ್ಡ ಸಭೆ! ನಮ್ಮ ಕಾಸ್ಟಿಂಗ್ ಮೇಷ್ಟ್ರು ಈ ಪ್ರಾಜೆಕ್ಟ್ ರಿಪೋರ್ಟ್ ನೋಡಿದ್ರೆ ಮುಖಕ್ಕೆ ಎಸೀತಿದ್ರು.

1940ರಲ್ಲಿ ಶಕ್ತಿ 10,000 ವ್ಯಾಟ್‌ಗೆ ಏರಿತು. ಆಗ ಬಂತು ನೋಡಿ ವಿಚಿತ್ರ ತೊಂದರೆ. ಕೀಟೋ ಇರೋದು ಸಮುದ್ರಮಟ್ಟದಿಂದ ಸುಮಾರು 2,850 ಮೀಟರ್ ಎತ್ತರದಲ್ಲಿ. ನಮ್ಮ ಮುಳ್ಳಯ್ಯನಗಿರಿಗಿಂತ ಸುಮಾರು 900 ಮೀಟರ್ ಮೇಲೆ. ಅಲ್ಲಿ ಗಾಳಿ ತೆಳು. ತೆಳು ಗಾಳಿಯಲ್ಲಿ ವಿದ್ಯುತ್ ಸುಲಭವಾಗಿ ಹಾರುತ್ತೆ. ಆಂಟೆನಾದ ಕೋಲುಗಳ ತುದಿಯಲ್ಲಿ ವೋಲ್ಟೇಜ್ ಜಾಸ್ತಿ, ರಾತ್ರಿ ನೋಡಿದ್ರೆ ತುದಿಗಳು ಧಗಧಗ ಹೊಳೀತಿದ್ವು, ಲೋಹವೇ ಕರಗಿ ಉದುರ್ತಿತ್ತು.

ಸ್ಟೇಷನ್ನಿನ ಎಂಜಿನಿಯರ್ ಕ್ಲಾರೆನ್ಸ್ ಮೂರ್ (ಇವನೂ ಕ್ಲಾರೆನ್ಸೇ, ಏನ್ ಮಾಡೋದು) ಯೋಚನೆ ಮಾಡಿದ್ದು ಇಷ್ಟೇ: ತುದಿಯಿಂದ ತಾನೇ ತೊಂದರೆ? ತುದಿಯೇ ಇಲ್ಲದ ಆಂಟೆನಾ ಕಟ್ಟಿದ್ರೆ? ತಂತಿಯನ್ನ ಚೌಕಾಕಾರದಲ್ಲಿ ಸುತ್ತಿ ಮುಚ್ಚಿಬಿಟ್ಟ. ಅದೇ ಕ್ಯೂಬಿಕಲ್ ಕ್ವಾಡ್ ಆಂಟೆನಾ. 1951ರಲ್ಲಿ ಪೇಟೆಂಟ್ ಸಿಕ್ತು. ಇವತ್ತಿಗೂ ಹ್ಯಾಮ್ ರೇಡಿಯೋದವರು ಅದನ್ನ ಮನೆ ತಾರಸಿ ಮೇಲೆ ಕಟ್ಟಿಕೊಳ್ತಾರೆ. ಮೂರ್ ಆಮೇಲೆ ಅಮೆರಿಕಕ್ಕೆ ವಾಪಸ್ ಹೋಗಿ ಒಂದು ಕಂಪನಿ ಶುರು ಮಾಡಿದ, ಅದೇ ಮುಂದೆ ಕ್ರೌನ್ ಆಯ್ತು. ಹೌದು, ಆರ್ಕೆಸ್ಟ್ರಾದಲ್ಲಿ ಸೌಂಡ್ ಸಿಸ್ಟಮ್‌ನವರು ತರೋ ಆ ಕ್ರೌನ್ ಆಂಪ್ಲಿಫೈಯರ್. ಗಣೇಶೋತ್ಸವದ ಪೆಂಡಾಲಿಗೂ ಕೀಟೋದ ಪ್ರಾರ್ಥನೆಗೂ ಇಂಥ ನಂಟು ಇರುತ್ತೆ ಅಂತ ನಾನಂತೂ ಅಂದುಕೊಂಡಿರಲಿಲ್ಲ.

ಕಾರ್ಯಕ್ರಮಗಳ ವಿಷಯಕ್ಕೆ ಬರೋಣ. ಬೈಬಲ್ ಬೋಧನೆ, ಸ್ತೋತ್ರಗೀತೆ ಇದ್ದೇ ಇತ್ತು, ಅದಕ್ಕೇ ಕಟ್ಟಿದ ಸ್ಟೇಷನ್ ಅದು. ಸ್ಪ್ಯಾನಿಷ್, ಇಂಗ್ಲಿಷ್ ಜೊತೆಗೆ ಬೆಟ್ಟದ ಜನರ ಕಿಚ್ವಾ ಭಾಷೆಯಲ್ಲೂ ಪ್ರಸಾರ ಆಗ್ತಿತ್ತು. ರಷ್ಯನ್, ಜಪಾನೀಸ್ ಆಮೇಲೆ ಸೇರಿದ್ವು. ಆದ್ರೆ ಚಿಕ್ಕಪ್ಪನಂಥವರನ್ನ ಹಿಡಿದಿಟ್ಟದ್ದು ಬೇರೆ. 'ಮೂಸಿಕಾ ದೆಲ್ ಈಕ್ವೆಡಾರ್'ನಲ್ಲಿ ಆ ದೇಶದ ಸಂಗೀತ, 1961ರಿಂದ 'ಡಿಎಕ್ಸ್ ಪಾರ್ಟಿಲೈನ್'. ದೂರದ ಸ್ಟೇಷನ್ ಹುಡುಕಿ ಕೇಳೋ ಹುಚ್ಚು ಇರೋರಿಗೇ ಮೀಸಲಾದ ಕಾರ್ಯಕ್ರಮ ಇದು. ಯಾವ ದೇಶ ಯಾವ ಫ್ರೀಕ್ವೆನ್ಸಿಗೆ ಹೋಯ್ತು, ಯಾರಿಗೆ ಏನು ಕೇಳಿಸ್ತು, ಅದೇ ಮಾತು. ಚಿಕ್ಕಪ್ಪ ಮಾರ್ನಮಿಗೆ ಬೊಂಬೆ ಕೂರಿಸೋ ಮನೆಯವರು, ಯೇಸುವಿನ ಬಗ್ಗೆ ಅವರಿಗೆ ಗೊತ್ತಿದ್ದದ್ದೇ ಕಮ್ಮಿ. "ಬೋಧನೆ ಬಂದಾಗ ಕಾಫಿ ಕುಡೀತಿದ್ದೆ, ಪಾರ್ಟಿಲೈನ್ ಬಂದಾಗ ಲೋಟ ಇಟ್ಟುಬಿಡ್ತಿದ್ದೆ" ಅಂತಾರೆ.

ಕೀಟೋ ನಮಗಿಂತ ಹತ್ತೂವರೆ ಗಂಟೆ ಹಿಂದೆ. ನಮ್ಮಲ್ಲಿ ಬೆಳಿಗ್ಗೆ ಆರೂವರೆ ಆದ್ರೆ ಅಲ್ಲಿ ಹಿಂದಿನ ದಿನ ರಾತ್ರಿ ಎಂಟು. ಸಿಗ್ನಲ್ ಸಿಕ್ಕಿದ್ರೆ ಒಂದು ವರದಿ ಬರೀಬೇಕು: ಸಮಯ, ಫ್ರೀಕ್ವೆನ್ಸಿ, ಕೇಳಿದ್ದೇನು, ಮತ್ತು ಸಿನ್ಪೋ ಅಂತ ಐದು ಅಂಕಿ. ಸಿಗ್ನಲ್ ಬಲ, ಬೇರೆ ಸ್ಟೇಷನ್ ಅಡ್ಡಿ, ಗೊರಗೊರ ಸದ್ದು, ಏರಿಳಿತ, ಒಟ್ಟಾರೆ. ಪ್ರತಿಯೊಂದಕ್ಕೂ ಐದಕ್ಕೆ ಇಷ್ಟು. ಅಂಚೆ ಕಚೇರಿಯಿಂದ ಇಂಟರ್‌ನ್ಯಾಷನಲ್ ರಿಪ್ಲೈ ಕೂಪನ್ ತಂದು ಜೊತೆಗಿಟ್ಟು ಕಳಿಸಿದ್ರೆ, ತಿಂಗಳುಗಳಾದ ಮೇಲೆ ಕಾರ್ಡ್ ಬರೋದು. ಆ ಕೂಪನ್ನಿಗಾಗಿ ಚಿಕ್ಕಮ್ಮ ಬೈದದ್ದು ಇನ್ನೂ ನಿಂತಿಲ್ಲ.

ಇಂಥ ಸ್ಟೇಷನ್ ನಮ್ಮಲ್ಲಿ ಯಾಕಿಲ್ಲ ಅಂತ ಕೇಳ್ತೀರ. ಭಾರತದಲ್ಲಿ ಧಾರ್ಮಿಕ ಸಂಸ್ಥೆಗಳಿಗೆ ಖಾಸಗಿ ಎಫ್‌ಎಂ ಪರವಾನಗಿ ಕೊಡಲ್ಲ. ಯಾವ ಧರ್ಮಕ್ಕೂ ಇಲ್ಲ. ಮಂಗಳೂರಿನ ರೇಡಿಯೋ ಸಾರಂಗ್ 107.8 ಜೆಸ್ವಿಟರ ಸಂತ ಅಲೋಶಿಯಸ್ ಸಂಸ್ಥೆಯದು, ಆದ್ರೆ ಅದು ಸಮುದಾಯ ರೇಡಿಯೋ. ತುಳು, ಕೊಂಕಣಿ, ಬ್ಯಾರಿ, ಕನ್ನಡದಲ್ಲಿ ಊರಿನ ಮಾತಾಡುತ್ತೆ. ನನಗೇನೋ ಈ ನಿಯಮ ಸರಿ ಅನ್ಸುತ್ತೆ. ನಿಮಗೆ ಅನ್ನಿಸದಿದ್ರೆ ಬರೀರಿ, ಜಗಳ ಆಡೋಣ.

ಕೀಟೋಗೆ ವಾಪಸ್. 1981ರಲ್ಲಿ ಅವರ ಎಂಜಿನಿಯರ್‌ಗಳೇ ಕಟ್ಟಿದ 5 ಲಕ್ಷ ವ್ಯಾಟ್‌ನ ಟ್ರಾನ್ಸ್‌ಮಿಟರ್ ಬಂತು. ಇನ್ನೂರರಿಂದ ಐದು ಲಕ್ಷ! ಕರೆಂಟಿಗೆ ಪಾಪಾಯಾಕ್ತಾದಲ್ಲಿ ತಮ್ಮದೇ ಜಲವಿದ್ಯುತ್ ಘಟಕ. ಆಮೇಲೆ ಊರು ಬೆಳೀತು, ಪೀಫೋ ಹತ್ತಿರ ಹೊಸ ವಿಮಾನ ನಿಲ್ದಾಣ ಬರಬೇಕಾಯ್ತು. ಆ ಎತ್ತರದ ಗೋಪುರಗಳು ವಿಮಾನಕ್ಕೆ ಅಡ್ಡ. 2009ರ ಸೆಪ್ಟೆಂಬರ್ 30ಕ್ಕೆ ಅಲ್ಲಿನ ಶಾರ್ಟ್‌ವೇವ್ ನಿಂತುಹೋಯ್ತು. ಕೀಟೋದ ಜನಕ್ಕೆ ಎಫ್‌ಎಂ 89.3ರಲ್ಲಿ ಸ್ಟೇಷನ್ ಉಳೀತು. ಹಾಸನಕ್ಕೆ ಉಳೀಲಿಲ್ಲ.

ಚಿಕ್ಕಪ್ಪನ್ನ ಕೇಳಿದೆ, ನಿಮಗೆ ಬೇಜಾರಾಗಲಿಲ್ವಾ ಅಂತ. "ಆ ಹೊತ್ತಿಗೆ ನನ್ನ ಕಿವಿಯೇ ಹೋಗಿತ್ತಲ್ಲೋ" ಅಂದ್ರು. ಈಗ ಮಿಷನ್ ಹಾಕ್ಕೊಳ್ತಾರೆ. ಫೋನಲ್ಲಿ ನನ್ನ ಹಳೇ ಸಂಚಿಕೆಯೊಂದನ್ನ ಹಾಕಿಕೊಟ್ಟು ಬಂದಿದ್ದೆ. ಮೊನ್ನೆ ಅಂಚೆಯಲ್ಲಿ ಒಂದು ಇನ್‌ಲ್ಯಾಂಡ್ ಲೆಟರ್ ಬಂತು. ತಾರೀಖು, ಸಮಯ, ಆಮೇಲೆ 4-3-2-5-3. ಅಡ್ಡಿ: ಅಡುಗೆಮನೆ ಮಿಕ್ಸಿ. ಸದ್ದು: ನಿನ್ನ ಫ್ಯಾನು, ರೆಕಾರ್ಡ್ ಮಾಡುವಾಗ ಆರಿಸು. ಹನ್ನೊಂದನೇ ನಿಮಿಷದಲ್ಲಿ ಬಡ್ಡಿ ಲೆಕ್ಕ ತಪ್ಪು ಹೇಳಿದ್ದೀಯ. ಕೊನೆಗೆ, ಕಾರ್ಡ್ ಯಾವಾಗ ಕಳಿಸ್ತೀಯ?

ಲೆಕ್ಕ ತಪ್ಪಿದ್ದು ನಿಜ, ಚಕ್ರಬಡ್ಡಿಗೆ ಸರಳಬಡ್ಡಿ ಹೇಳಿದ್ದೆ. ಇವತ್ತು ಫ್ಯಾನ್ ಆರಿಸಿ ಕೂತಿದ್ದೀನಿ, ಬೆವರು ಇಳೀತಿದೆ. ಪ್ರಿಂಟಿಂಗ್ ಪ್ರೆಸ್ಸಿನವರು ಐವತ್ತು ಕಾರ್ಡಿಗಿಂತ ಕಮ್ಮಿ ಹೊಡೆಯಲ್ಲ ಅಂತಿದ್ದಾರೆ. ವರದಿ ಕಳಿಸೋರು ವಿಳಾಸ ಸ್ಪಷ್ಟವಾಗಿ ಬರೀರಿ.