ಗಡಿಯಾರ ಅಳೆಯದ ಗುಣ



ಅಮೆರಿಕನ್ನರು ಫುಟ್‌ಬಾಲ್ ಎಂದು ಕರೆಯುವುದು ಕನ್ನಡಿಗರು ಬಲ್ಲ ಕಾಲ್ಚೆಂಡಾಟವನ್ನಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುತ್ತ, ಎಸೆಯುತ್ತ, ಎದುರಾಳಿಯ ನೆಲವನ್ನು ಗಜಗಳ ಲೆಕ್ಕದಲ್ಲಿ ಗೆಲ್ಲುವ ಆಟವದು. ತಂಡದ ಹನ್ನೊಂದು ಮಂದಿಗೆ ಕ್ವಾರ್ಟರ್‌ಬ್ಯಾಕ್ ಎಂಬಾತನೇ ಸೂತ್ರಧಾರ. ತನ್ನನ್ನು ಕೆಡವಲು ಭಾರೀ ಆಳುಗಳು ನುಗ್ಗಿ ಬರುತ್ತಿರುವಾಗಲೇ, ಚೆಂಡನ್ನು ಯಾರಿಗೆ ಎಸೆಯಬೇಕೆಂದು ಎರಡು ಮೂರು ಸೆಕೆಂಡುಗಳಲ್ಲಿ ಅವನು ನಿರ್ಧರಿಸಬೇಕು.

ಕಾಲೇಜಿನಲ್ಲಿ ಆಡುವ ಯುವಕರನ್ನು ವೃತ್ತಿಪರ ತಂಡಗಳು ಸರದಿಯಂತೆ ಆರಿಸಿಕೊಳ್ಳುವ ವ್ಯವಸ್ಥೆಗೆ 'ಡ್ರಾಫ್ಟ್' ಎಂದು ಹೆಸರು. ಫಿಲಡೆಲ್ಫಿಯಾ ತಂಡದ ಒಡೆಯ ಬರ್ಟ್ ಬೆಲ್ ಅವರ ಸಲಹೆಯಂತೆ 1936ರಲ್ಲಿ ಇದು ಮೊದಲಾಯಿತು. ಹಿಂದಿನ ವರ್ಷ ಅತಿ ಹೆಚ್ಚು ಸೋತ ತಂಡಕ್ಕೆ ಮೊದಲ ಆಯ್ಕೆ ಎಂಬುದು ಇದರ ಮೂಲ ನಿಯಮ. ಬಲಹೀನರೂ ಮೇಲೇಳಲಿ ಎಂಬುದು ಇದರ ನ್ಯಾಯ. ಆದರೆ ಇದರ ಇನ್ನೊಂದು ಮುಖವನ್ನೂ ಗಮನಿಸಬೇಕು. ತಪ್ಪನ್ನು ತಾಳಿಕೊಳ್ಳುವ ಶಕ್ತಿಯಿಲ್ಲದ ತಂಡದ ಕೈಗೇ ಅತ್ಯಂತ ಕಠಿಣವಾದ ಆಯ್ಕೆ ಬರುತ್ತದೆ.

ಆಯ್ಕೆಗೆ ಮುನ್ನ ನಡೆಯುವ ಪರೀಕ್ಷೆ ಸಣ್ಣದಲ್ಲ. ತಂಡಗಳ ಪರೀಕ್ಷಕರು ವರ್ಷವಿಡೀ ಕಾಲೇಜು ಪಂದ್ಯಗಳನ್ನು ನೋಡುತ್ತಾರೆ, ಚಿತ್ರಿಕೆಗಳನ್ನು ಮತ್ತೆ ಮತ್ತೆ ಓಡಿಸಿ ಪರಿಶೀಲಿಸುತ್ತಾರೆ. 1987ರಿಂದ ಇಂಡಿಯಾನಾಪೊಲಿಸ್ ನಗರದಲ್ಲಿ ಅಭ್ಯರ್ಥಿಗಳ ದೊಡ್ಡ ಮೇಳವೇ ನಡೆಯುತ್ತದೆ. ಅಲ್ಲಿ ಎತ್ತರ, ತೂಕ, ಅಂಗೈಯ ಅಗಲ, 40 ಗಜ ಓಡಲು ಬೇಕಾದ ಸಮಯ ಎಲ್ಲವನ್ನೂ ಅಳೆಯುತ್ತಾರೆ. ವೈದ್ಯರ ತಪಾಸಣೆ, ಸಂದರ್ಶನಗಳೂ ಉಂಟು. 12 ನಿಮಿಷಗಳಲ್ಲಿ 50 ಪ್ರಶ್ನೆಗಳಿಗೆ ಉತ್ತರಿಸುವ ಬುದ್ಧಿಪರೀಕ್ಷೆಯೊಂದಿತ್ತು. 2022ರಲ್ಲಿ ಅದನ್ನು ಕೈಬಿಡಲಾಯಿತು.

ಇಷ್ಟೆಲ್ಲ ಅಳತೆಗಳ ಬೆಲೆ ಎಷ್ಟು ಎಂಬುದಕ್ಕೆ 1998ರ ಡ್ರಾಫ್ಟ್ ಒಳ್ಳೆಯ ನಿದರ್ಶನ. ಆಗ ಮುಂಚೂಣಿಯಲ್ಲಿದ್ದವರು ಇಬ್ಬರು. ಟೆನ್ನೆಸಿ ವಿಶ್ವವಿದ್ಯಾಲಯದ ಪೇಟನ್ ಮ್ಯಾನಿಂಗ್ ಕ್ವಾರ್ಟರ್‌ಬ್ಯಾಕ್ ಒಬ್ಬರ ಮಗ. ಕಾಲೇಜಿನಲ್ಲಿ ನಾಲ್ಕೂ ವರ್ಷ ಆಡಿ ಬಂದವರು. ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದ ರಯಾನ್ ಲೀಫ್ ತಮ್ಮ ತಂಡವನ್ನು 67 ವರ್ಷಗಳ ನಂತರ ಪ್ರತಿಷ್ಠಿತ ರೋಸ್ ಬೌಲ್ ಪಂದ್ಯಕ್ಕೆ ಕೊಂಡೊಯ್ದವರು. ಅವರದು ಬಲವಾದ ತೋಳು. ಮೊದಲನೆಯವರು ಯಾರಾಗಬೇಕು ಎಂಬ ಬಗ್ಗೆ ಬಲ್ಲವರಲ್ಲೂ ಒಮ್ಮತವಿರಲಿಲ್ಲ. ಇಂಡಿಯಾನಾಪೊಲಿಸ್ ಕೋಲ್ಟ್ಸ್ ತಂಡ ಮ್ಯಾನಿಂಗ್ ಅವರನ್ನು ಆರಿಸಿತು. ಎರಡನೆಯ ಸರದಿಯನ್ನು ದುಬಾರಿ ವಿನಿಮಯದಿಂದ ಪಡೆದಿದ್ದ ಸ್ಯಾನ್ ಡಿಯಾಗೊ ತಂಡ ಲೀಫ್ ಅವರನ್ನು ಆರಿಸಿತು.

ಮೊದಲ ವರ್ಷದ ಫಲಿತಾಂಶ ಕುತೂಹಲಕರ. ಮ್ಯಾನಿಂಗ್ ಎಸೆದ ಚೆಂಡುಗಳಲ್ಲಿ 28 ಎದುರಾಳಿಗಳ ಕೈಸೇರಿದವು. ಹದಿನಾರು ಪಂದ್ಯಗಳಲ್ಲಿ ಅವರ ತಂಡ ಗೆದ್ದದ್ದು ಕೇವಲ ಮೂರು. ಸ್ಯಾನ್ ಡಿಯಾಗೊ ಗೆದ್ದದ್ದು ಐದು! ಗೆಲುವಿನ ಲೆಕ್ಕವನ್ನಷ್ಟೇ ನೋಡಿದ್ದರೆ ಕೋಲ್ಟ್ಸ್ ತಂಡವೇ ಎಡವಿತೆನ್ನಬೇಕಿತ್ತು. ಆದರೆ ಅದು ಮ್ಯಾನಿಂಗ್ ಅವರನ್ನು ಒಂದು ಪಂದ್ಯಕ್ಕೂ ಹೊರಗೆ ಕೂರಿಸಲಿಲ್ಲ. ಮರುವರ್ಷ ಅದೇ ತಂಡ ಹದಿಮೂರು ಪಂದ್ಯ ಗೆದ್ದಿತು. ಮ್ಯಾನಿಂಗ್ ಮುಂದೆ ಐದು ಸಲ ವರ್ಷದ ಅತ್ಯುತ್ತಮ ಆಟಗಾರರೆನಿಸಿದರು. ಲೀಫ್ ಅವರಾದರೋ ಮೊದಲ ವರ್ಷ ಎರಡೇ ಟಚ್‌ಡೌನ್ ಎಸೆತಗಳಿಗೆ ತೃಪ್ತಿಪಟ್ಟರು. ಗಾಯ, ಕೋಪತಾಪಗಳ ನಡುವೆ 2001ರ ನಂತರ ಅವರು ಕಣಕ್ಕಿಳಿಯಲೇ ಇಲ್ಲ.

ಎರಡು ವರ್ಷಗಳ ಬಳಿಕ, 2000ದಲ್ಲಿ, ತಪ್ಪು ಇನ್ನೊಂದು ದಿಕ್ಕಿನಲ್ಲಾಯಿತು. ಮಿಷಿಗನ್ ವಿಶ್ವವಿದ್ಯಾಲಯದ ಟಾಮ್ ಬ್ರೇಡಿ 40 ಗಜ ಓಡಲು 5.28 ಸೆಕೆಂಡು ತೆಗೆದುಕೊಂಡರು. ಮೈಕಟ್ಟೂ ಗಮನ ಸೆಳೆಯುವಂತಿರಲಿಲ್ಲ. ಆರು ಕ್ವಾರ್ಟರ್‌ಬ್ಯಾಕ್‌ಗಳ ಆಯ್ಕೆಯಾದ ಮೇಲೆ 199ನೆಯವರಾಗಿ ಅವರನ್ನು ನ್ಯೂ ಇಂಗ್ಲೆಂಡ್ ತಂಡ ತೆಗೆದುಕೊಂಡಿತು. 2001ರಲ್ಲಿ ಮುಖ್ಯ ಆಟಗಾರ ಗಾಯಗೊಂಡದ್ದರಿಂದ ಅವಕಾಶ ಸಿಕ್ಕಿತು. ಅವರು ಗೆದ್ದ ಸೂಪರ್ ಬೌಲ್‌ಗಳು ಏಳು. ಆಯ್ಕೆ ಮಾಡಿದ ತಂಡವೂ ಐದು ಸುತ್ತು ಅವರನ್ನು ಬಿಟ್ಟುಕೊಟ್ಟಿತ್ತು ಎಂಬುದನ್ನು ಮರೆಯುವಂತಿಲ್ಲ.

ಹಾಗೆಂದು ಅಳತೆಗಳು ವ್ಯರ್ಥವೆನ್ನಲಾಗದು. ಕೊನೆಯ ಸುತ್ತುಗಳಲ್ಲಿ ಆಯ್ಕೆಯಾದ ಬಹುಮಂದಿಯ ಹೆಸರು ಯಾರಿಗೂ ನೆನಪಿಲ್ಲ, ಬ್ರೇಡಿ ಅಪವಾದ. ತೊಡಕಿರುವುದು ಬೇರೆಡೆ. ಕಾಲೇಜಿನ ಕಣದಲ್ಲಿ ಎದುರಾಳಿಗಳು ನಿಧಾನ, ಎಸೆಯಲು ಸಿಗುವ ಜಾಗ ವಿಶಾಲ. ಅಲ್ಲಿ ತೋಳಿನ ಬಲವೊಂದರಿಂದಲೇ ಪಾರಾಗಬಹುದು. ವೃತ್ತಿಪರ ಕಣದಲ್ಲಿ ಬೇಕಾದುದು ಕ್ಷಣದ ವಿವೇಚನೆ ಹಾಗೂ ಸೋತ ಮರುದಿನ ಮತ್ತೆ ಪಾಠಕ್ಕೆ ಕೂರುವ ಮನಸ್ಸು. ಅಭ್ಯರ್ಥಿ ಹೆಚ್ಚು ಸೋತೇ ಇಲ್ಲವಾದರೆ ಆ ಮನಸ್ಸು ಚಿತ್ರಿಕೆಯಲ್ಲಿ ಕಾಣುವುದಾದರೂ ಹೇಗೆ?

ಪರೀಕ್ಷೆಗೊಳಗಾಗುವವರು ಇಪ್ಪತ್ತೊಂದು, ಇಪ್ಪತ್ತೆರಡರ ಹುಡುಗರು ಎಂಬುದೂ ನೆನಪಿರಬೇಕು. ಲೀಫ್ ಆಮೇಲೆ ನೋವಿನ ಮಾತ್ರೆಗಳ ಚಟಕ್ಕೆ ಸಿಕ್ಕಿ ಸೆರೆವಾಸವನ್ನೂ ಕಂಡರು. 2014ರಲ್ಲಿ ಬಿಡುಗಡೆಯಾದ ಬಳಿಕ ವ್ಯಸನಿಗಳಿಗೆ ನೆರವಾಗುವ ಕೆಲಸ ಹಿಡಿದರು. ಬಿದ್ದವನು ಏಳಬಲ್ಲನೆ ಎಂಬ ಪ್ರಶ್ನೆಗೆ ಅವರ ಉತ್ತರ ತಡವಾಗಿ ಬಂತು, ಆಟದ ಕಣದ ಹೊರಗೆ ಬಂತು. ಆ ಉತ್ತರವನ್ನು ಬರೆದುಕೊಳ್ಳಲು ಪರೀಕ್ಷಕರ ಪಟ್ಟಿಯಲ್ಲಿ ಜಾಗವಿರಲಿಲ್ಲ.